ಗಡಿಯಾರ ಒಂದು ಗಂಟೆ ಸರಿದರೆ ಆರೋಗ್ಯಕ್ಕೇನಾಗುತ್ತದೆ?

ಮಾರ್ಚ್ ತಿಂಗಳ ಎರಡನೇ ಭಾನುವಾರ ಅಮೆರಿಕದ ಬಹುತೇಕ ರಾಜ್ಯಗಳಲ್ಲಿ ನಸುಕಿನ ಎರಡರಿಂದ ಮೂರರವರೆಗಿನ ಒಂದು ಗಂಟೆ ಇರುವುದೇ ಇಲ್ಲ. ಗಡಿಯಾರ 1.59 ಆದ ಮರುನಿಮಿಷವೇ 3.00 ತೋರಿಸುತ್ತದೆ. ಯುರೋಪಿನಲ್ಲಿ ಇದೇ ಬದಲಾವಣೆ ಮಾರ್ಚ್ ಕೊನೆಯ ಭಾನುವಾರ ನಡೆಯುತ್ತದೆ. ಹೀಗೆ ಕಳೆದುಹೋದ ಗಂಟೆ ಯುರೋಪಿನವರಿಗೆ ಅಕ್ಟೋಬರ್ ಕೊನೆಯ ಭಾನುವಾರ, ಅಮೆರಿಕದವರಿಗೆ ನವೆಂಬರ್ ಮೊದಲ ಭಾನುವಾರ ಮರಳಿ ಸಿಗುತ್ತದೆ. ಅಮೆರಿಕದಲ್ಲಿ ಇದನ್ನು ಡೇಲೈಟ್ ಸೇವಿಂಗ್ ಟೈಮ್ ಎನ್ನುತ್ತಾರೆ, ಯುರೋಪಿನಲ್ಲಿ ಸಮ್ಮರ್ ಟೈಮ್. ಕನ್ನಡದಲ್ಲಿ ಬೇಸಿಗೆ ಸಮಯ ಎನ್ನಬಹುದು.

ಒಂದು ಗಂಟೆ ಹೆಚ್ಚುಕಡಿಮೆಯಾದರೆ ಏನು ಮಹಾ ಎಂದು ಯಾರಿಗಾದರೂ ಅನಿಸೀತು. ಮದುವೆ ಮನೆಯಲ್ಲಿ, ಯಕ್ಷಗಾನದ ಬಯಲಾಟದಲ್ಲಿ ರಾತ್ರಿಯಿಡೀ ನಿದ್ದೆಗೆಟ್ಟು ಮರುದಿನ ಕೆಲಸಕ್ಕೆ ಹೋಗುವವರಿಗೆ ಒಂದು ಗಂಟೆ ಲೆಕ್ಕವೇ ಅಲ್ಲ. ಆದರೆ ಕೋಟ್ಯಂತರ ಜನರ ನಿದ್ದೆಯನ್ನು ಒಂದೇ ರಾತ್ರಿ ಒಂದು ಗಂಟೆ ಹಿಂದೆ ಮುಂದೆ ಮಾಡಿದರೆ ಅದರ ಗುರುತು ಆಸ್ಪತ್ರೆಗಳ ದಾಖಲೆಗಳಲ್ಲಿ, ಪೊಲೀಸರ ಅಪಘಾತ ಪಟ್ಟಿಗಳಲ್ಲಿ ಕಾಣಿಸುತ್ತದೆಯೇ? ಕಳೆದ ಎರಡು ದಶಕಗಳಲ್ಲಿ ಸಂಶೋಧಕರು ಈ ಪ್ರಶ್ನೆಯನ್ನು ಹಲವು ಬಗೆಯಲ್ಲಿ ಪರೀಕ್ಷಿಸಿದ್ದಾರೆ. ಗಡಿಯಾರ ಬದಲಾಗುವ ಆ ಒಂದು ವಾರಕ್ಕಿಂತ, ಸೂರ್ಯನ ಸಮಯಕ್ಕೂ ಸಮಾಜದ ಸಮಯಕ್ಕೂ ತಿಂಗಳುಗಟ್ಟಲೆ ಉಳಿಯುವ ಅಂತರವೇ ದೊಡ್ಡ ಚಿಂತೆ ಎಂಬ ಅಭಿಪ್ರಾಯಕ್ಕೆ ಅವರಲ್ಲಿ ಹಲವರು ಬಂದಿದ್ದಾರೆ.

ಪದ್ಧತಿ ಬಂದದ್ದು ಹೇಗೆ?

ಬೇಸಿಗೆಯಲ್ಲಿ ಬೇಗ ಬೆಳಗಾಗುತ್ತದೆ, ಜನ ಮಾತ್ರ ಮಲಗಿಯೇ ಇರುತ್ತಾರೆ. ಎಲ್ಲರೂ ಒಂದು ಗಂಟೆ ಬೇಗ ಎದ್ದರೆ ಸಂಜೆ ಅಷ್ಟು ಬೆಳಕು ಉಳಿದೀತು ಎಂಬುದು ಇದರ ಹಿಂದಿನ ತರ್ಕ. ಅಮೆರಿಕದ ಬೆಂಜಮಿನ್ ಫ್ರಾಂಕ್ಲಿನ್ 1784ರಲ್ಲಿ ಪ್ಯಾರಿಸ್‌ನ ಜನ ಬೇಗ ಎದ್ದರೆ ಎಷ್ಟು ಮೇಣದ ಬತ್ತಿ ಉಳಿಯುತ್ತದೆ ಎಂದು ಬರೆದದ್ದು ಬರೀ ತಮಾಷೆಗೆ. ನ್ಯೂಜಿಲೆಂಡಿನ ಕೀಟಶಾಸ್ತ್ರಜ್ಞ ಜಾರ್ಜ್ ಹಡ್ಸನ್ 1895ರಲ್ಲಿ ಗಡಿಯಾರವನ್ನು ಎರಡು ಗಂಟೆ ಮುಂದಿಡಬೇಕೆಂದು ಗಂಭೀರವಾಗಿಯೇ ಸೂಚಿಸಿದರು. ಕೆಲಸ ಮುಗಿಸಿ ಬಂದ ಮೇಲೆ ಹುಳು ಹುಪ್ಪಟೆ ಹುಡುಕಲು ಅವರಿಗೆ ಬೆಳಕು ಬೇಕಿತ್ತು.

ಇಂಗ್ಲೆಂಡಿನ ಕಟ್ಟಡ ಗುತ್ತಿಗೆದಾರ ವಿಲಿಯಂ ವಿಲೆಟ್ 1907ರಲ್ಲಿ ಇದೇ ವಿಚಾರವಾಗಿ ಕಿರುಹೊತ್ತಗೆ ಪ್ರಕಟಿಸಿದರು. ಗಡಿಯಾರವನ್ನು ಒಮ್ಮೆಗೇ ಒಂದು ಗಂಟೆ ತಳ್ಳಬೇಕೆಂದು ಅವರು ಹೇಳಿರಲಿಲ್ಲ. ಏಪ್ರಿಲ್ ತಿಂಗಳ ನಾಲ್ಕು ಭಾನುವಾರ ಇಪ್ಪತ್ತಿಪ್ಪತ್ತು ನಿಮಿಷದಂತೆ ಮುಂದಿಡಬೇಕು, ಸೆಪ್ಟೆಂಬರ್‌ನಲ್ಲಿ ಅದೇ ರೀತಿ ಹಿಂದಕ್ಕೆ ತರಬೇಕು ಎಂಬುದು ಅವರ ಸಲಹೆ. ಇಂದಿನ ನಿದ್ರಾ ತಜ್ಞರು ಕೊಡುವ ಸಲಹೆ ಇದಕ್ಕೆ ಬಹಳ ಹತ್ತಿರವಾಗಿದೆ. ವಿಲೆಟ್ 1915ರಲ್ಲಿ ತೀರಿಕೊಂಡರು, ತಮ್ಮ ಕನಸು ಜಾರಿಯಾದುದನ್ನು ನೋಡಲಿಲ್ಲ.

ಪದ್ಧತಿಯನ್ನು ದೇಶವಿಡೀ ಜಾರಿಗೆ ತಂದದ್ದು ಮೊದಲ ಮಹಾಯುದ್ಧ. ಕಲ್ಲಿದ್ದಲು ಉಳಿಸಲು ಜರ್ಮನಿ ಮತ್ತು ಆಸ್ಟ್ರಿಯಾ-ಹಂಗೇರಿ 1916ರ ಏಪ್ರಿಲ್ 30ರಂದು ಗಡಿಯಾರ ಮುಂದಿಟ್ಟವು. ಮೂರು ವಾರ ಕಳೆಯುವುದರೊಳಗೆ ಬ್ರಿಟನ್ ಅದನ್ನೇ ಅನುಸರಿಸಿತು. ಅಮೆರಿಕ 1918ರಲ್ಲಿ ಸೇರಿಕೊಂಡಿತು. ಇಂಧನ ಉಳಿತಾಯದ ವಾದ ಈಗ ಅಷ್ಟೊಂದು ಗಟ್ಟಿಯಾಗಿ ಉಳಿದಿಲ್ಲ. ಅಮೆರಿಕದ ಇಂಡಿಯಾನಾ ರಾಜ್ಯವಿಡೀ 2006ರಲ್ಲಿ ಬೇಸಿಗೆ ಸಮಯಕ್ಕೆ ಬಂದಾಗ ಮನೆಗಳ ವಿದ್ಯುತ್ ಬಳಕೆ ಇಳಿಯುವ ಬದಲು ಸುಮಾರು ಶೇ. 1ರಷ್ಟು ಏರಿದ್ದನ್ನು ಅರ್ಥಶಾಸ್ತ್ರಜ್ಞರು ತೋರಿಸಿದರು. ದೀಪದ ಖರ್ಚು ಉಳಿದರೂ ಏರ್ ಕಂಡೀಷನರ್ ಹಾಗೂ ಹೀಟರ್ ಖರ್ಚು ಅದನ್ನು ನುಂಗಿತ್ತು.

ನಮ್ಮಲ್ಲಿ ಏಕಿಲ್ಲ?

ಭಾರತದಲ್ಲಿ ಈ ಪದ್ಧತಿ ಇಲ್ಲ. ಆದರೆ ಒಮ್ಮೆಯೂ ಇರಲಿಲ್ಲ ಎನ್ನುವಂತಿಲ್ಲ. ಎರಡನೇ ಮಹಾಯುದ್ಧದ ಕಾಲದಲ್ಲಿ, 1942ರಿಂದ 1945ರವರೆಗೆ, ಭಾರತದ ಗಡಿಯಾರಗಳನ್ನು ಒಂದು ಗಂಟೆ ಮುಂದಿಡಲಾಗಿತ್ತು.

ಪದ್ಧತಿ ಇಲ್ಲಿ ಬೇರೂರದಿರಲು ಮುಖ್ಯ ಕಾರಣ ಭೂಗೋಳ. ಸಮಭಾಜಕ ವೃತ್ತಕ್ಕೆ ಹತ್ತಿರವಾದಷ್ಟೂ ಹಗಲಿನ ಉದ್ದ ವರ್ಷವಿಡೀ ಹೆಚ್ಚು ಬದಲಾಗುವುದಿಲ್ಲ. ಕಾಸರಗೋಡಿನಲ್ಲಿ ಜೂನ್ ತಿಂಗಳ ಅತಿ ದೀರ್ಘ ಹಗಲಿಗೂ ಡಿಸೆಂಬರ್ ತಿಂಗಳ ಅತಿ ಚಿಕ್ಕ ಹಗಲಿಗೂ ಇರುವ ವ್ಯತ್ಯಾಸ ಸುಮಾರು ಒಂದೂವರೆ ಗಂಟೆ. ಸೊಲ್ಲಾಪುರದಲ್ಲಿ ಸುಮಾರು ಎರಡು ಗಂಟೆ. ಲಂಡನ್ನಿನಲ್ಲಿ ಜೂನ್‌ನ ಹಗಲು ಹದಿನಾರೂವರೆ ಗಂಟೆ ದಾಟಿದರೆ ಡಿಸೆಂಬರ್‌ನ ಹಗಲು ಎಂಟು ಗಂಟೆಯನ್ನೂ ಮುಟ್ಟುವುದಿಲ್ಲ. ಇಷ್ಟು ಏರುಪೇರು ಇರುವಲ್ಲಿ ಮಾತ್ರ ಬೆಳಕನ್ನು 'ಉಳಿಸುವ' ಯೋಚನೆ ಹುಟ್ಟಲು ಸಾಧ್ಯ.

ಹಾಗೆಂದು ಇದು ನಮಗೆ ಸಂಬಂಧವಿಲ್ಲದ ವಿಷಯವೂ ಅಲ್ಲ. ಗಡಿನಾಡಿನ ಎಷ್ಟೋ ಮನೆಗಳ ಮಕ್ಕಳು ಇಂದು ಅಮೆರಿಕದಲ್ಲಿ, ಬ್ರಿಟನ್ನಿನಲ್ಲಿ, ಜರ್ಮನಿಯಲ್ಲಿದ್ದಾರೆ. ಮಗಳ ಬಾಣಂತನಕ್ಕೆಂದೋ ಮೊಮ್ಮಕ್ಕಳನ್ನು ನೋಡಿಕೊಳ್ಳಲೆಂದೋ ಅಲ್ಲಿಗೆ ಹೋಗಿ ಆರು ತಿಂಗಳು ಇದ್ದು ಬರುವ ತಂದೆತಾಯಿಯರಿದ್ದಾರೆ. ಹೊಸೂರಿನಲ್ಲಿ, ಬೆಂಗಳೂರಿನಲ್ಲಿ ಅಮೆರಿಕದ ಕಂಪೆನಿಗಳಿಗಾಗಿ ರಾತ್ರಿ ಪಾಳಿ ಮಾಡುವವರಿದ್ದಾರೆ. ಇವರೆಲ್ಲರ ದಿನಚರಿಗೂ ಈ ಒಂದು ಗಂಟೆ ತಾಗುತ್ತದೆ.

ದೇಹದೊಳಗಿನ ಗಡಿಯಾರ

ಆರೋಗ್ಯದ ಮೇಲಿನ ಪರಿಣಾಮ ಅರ್ಥವಾಗಬೇಕಾದರೆ ದೇಹ ಸಮಯವನ್ನು ಹೇಗೆ ತಿಳಿಯುತ್ತದೆ ಎಂಬುದನ್ನು ನೋಡಬೇಕು. ಮೆದುಳಿನ ತಳಭಾಗದ ಹೈಪೋಥಲಾಮಸ್‌ನಲ್ಲಿ, ಎರಡೂ ಕಣ್ಣುಗಳ ನರಗಳು ಒಂದನ್ನೊಂದು ದಾಟುವ ಜಾಗದ ಸ್ವಲ್ಪ ಮೇಲೆ, ಸುಮಾರು 20 ಸಾವಿರ ನರಕೋಶಗಳ ಪುಟ್ಟ ಗುಂಪೊಂದಿದೆ. ಇದೇ ದೇಹದ ಮುಖ್ಯ ಗಡಿಯಾರ. ಯಾವಾಗ ನಿದ್ದೆ ಬರಬೇಕು, ಯಾವಾಗ ಮೈಯ ಬಿಸಿ ಏರಬೇಕು, ಯಾವಾಗ ಹಸಿವಾಗಬೇಕು, ರಕ್ತದೊತ್ತಡ ಎಷ್ಟು ಹೊತ್ತಿಗೆ ಇಳಿಯಬೇಕು ಎಂಬುದನ್ನೆಲ್ಲ ಇದು ನಿಯಂತ್ರಿಸುತ್ತದೆ. ಯಕೃತ್ತು, ಹೃದಯ, ಜಠರ ಮುಂತಾದ ಅಂಗಗಳಲ್ಲೂ ಉಪಗಡಿಯಾರಗಳಿವೆ. ಅವು ಮುಖ್ಯ ಗಡಿಯಾರಕ್ಕೆ ಹೊಂದಿಕೊಂಡು ನಡೆಯುತ್ತವೆ. ಜೀವಕೋಶದೊಳಗೆ ಈ ಗಡಿಯಾರ ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ಹಣ್ಣಿನ ನೊಣದಲ್ಲಿ ಕಂಡುಹಿಡಿದ ಜೆಫ್ರಿ ಹಾಲ್, ಮೈಕೆಲ್ ರಾಸ್‌ಬಾಶ್ ಮತ್ತು ಮೈಕೆಲ್ ಯಂಗ್ ಅವರಿಗೆ 2017ರಲ್ಲಿ ನೊಬೆಲ್ ಪ್ರಶಸ್ತಿ ದೊರೆಯಿತು.

ಈ ಗಡಿಯಾರದ ಒಂದು ಸುತ್ತು ಸರಿಯಾಗಿ 24 ಗಂಟೆಯದ್ದಲ್ಲ. ಹೆಚ್ಚಿನವರಲ್ಲಿ ಅದು 24 ಗಂಟೆಗಿಂತ ಹತ್ತು-ಹನ್ನೆರಡು ನಿಮಿಷ ಉದ್ದ. ಅಂದರೆ ಹಾಗೆಯೇ ಬಿಟ್ಟರೆ ದೇಹ ದಿನದಿನಕ್ಕೆ ಸ್ವಲ್ಪ ಸ್ವಲ್ಪ ತಡವಾಗುತ್ತ ಹೋಗುತ್ತದೆ. ಅದನ್ನು ಪ್ರತಿದಿನ ಸರಿಪಡಿಸುವುದು ಬೆಳಕು. ಕಣ್ಣಿನ ಅಕ್ಷಿಪಟಲದಲ್ಲಿ ನೋಟಕ್ಕೆಂದೇ ಇರುವ ಕೋಶಗಳ ಜೊತೆಗೆ, ಹೊರಗೆ ಎಷ್ಟು ಬೆಳಕಿದೆ ಎಂದು ಮೆದುಳಿಗೆ ತಿಳಿಸುವ ಬೇರೊಂದು ಬಗೆಯ ಕೋಶಗಳೂ ಇವೆ. ಮುಂಜಾನೆಯ ಬೆಳಕು ದೇಹದ ಗಡಿಯಾರವನ್ನು ಮುಂದಕ್ಕೆ ತರುತ್ತದೆ, ರಾತ್ರಿಯ ಬೆಳಕು ಹಿಂದಕ್ಕೆ ಎಳೆಯುತ್ತದೆ. ಕತ್ತಲಾದ ಮೇಲೆ ಪೀನಿಯಲ್ ಗ್ರಂಥಿ ಮೆಲಟೋನಿನ್ ಎಂಬ ಹಾರ್ಮೋನನ್ನು ಸ್ರವಿಸಿ ರಾತ್ರಿಯಾಯಿತೆಂದು ದೇಹಕ್ಕೆ ಸೂಚನೆ ಕೊಡುತ್ತದೆ. ಬೆಳಗಾಗುವಾಗ ಕಾರ್ಟಿಸಾಲ್ ಏರಿ ಎಚ್ಚರಕ್ಕೆ ಸಿದ್ಧಗೊಳಿಸುತ್ತದೆ.

ಬೇಸಿಗೆ ಸಮಯ ಈ ಏರ್ಪಾಡಿನೊಳಗೆ ಕೈಯಾಡಿಸುತ್ತದೆ. ವಿಮಾನದಲ್ಲಿ ಪೂರ್ವಕ್ಕೆ ಹೋದವನಿಗೂ ಒಂದು ಗಂಟೆ ನಷ್ಟವಾಗುತ್ತದೆ ಎಂದು ವಾದಿಸುವವರಿದ್ದಾರೆ. ಆದರೆ ಎರಡರ ನಡುವೆ ದೊಡ್ಡ ವ್ಯತ್ಯಾಸವಿದೆ. ಪ್ರಯಾಣ ಮಾಡಿದವನಿಗೆ ಹೊಸ ಊರಿನಲ್ಲಿ ಸೂರ್ಯನೂ ಆ ಊರಿನ ಗಡಿಯಾರಕ್ಕೆ ತಕ್ಕಂತೆ ಹುಟ್ಟುತ್ತಾನೆ. ಹೀಗಾಗಿ ದೇಹ ಒಂದೆರಡು ದಿನದಲ್ಲಿ ಹೊಂದಿಕೊಳ್ಳುತ್ತದೆ. ಬೇಸಿಗೆ ಸಮಯದಲ್ಲಿ ಸರಿಯುವುದು ಗೋಡೆಯ ಗಡಿಯಾರ ಮಾತ್ರ, ಸೂರ್ಯ ಅಲ್ಲೇ ಇರುತ್ತಾನೆ. ಬೆಳಗ್ಗೆ ಬೆಳಕು ಬೇಕಾದಾಗ ಕತ್ತಲು, ರಾತ್ರಿ ಕತ್ತಲು ಬೇಕಾದಾಗ ಬೆಳಕು ಸಿಗುತ್ತದೆ.

ವಸಂತದ ವಾರ: ಹೃದಯದ ಮೇಲೆ ಹೊರೆ

ಈ ವಿಷಯದಲ್ಲಿ ಹೆಚ್ಚು ಚರ್ಚೆಗೆ ಬಂದದ್ದು ಹೃದಯಾಘಾತ. ಸ್ವೀಡನ್ನಿನ ಇಮ್ರೆ ಯಾನ್ಸ್ಕಿ ಮತ್ತು ರಿಕಾರ್ಡ್ ಯುಂಗ್ ಅವರು ಆ ದೇಶದ 1987ರಿಂದ 2006ರವರೆಗಿನ ದಾಖಲೆಗಳನ್ನು ಪರಿಶೀಲಿಸಿ 2008ರಲ್ಲಿ ವರದಿ ಪ್ರಕಟಿಸಿದರು. ಗಡಿಯಾರ ಮುಂದಿಟ್ಟ ನಂತರದ ವಾರದಲ್ಲಿ ಹೃದಯಾಘಾತದ ಪ್ರಮಾಣ ಸುಮಾರು ಶೇ. 5ರಷ್ಟು ಹೆಚ್ಚಿತ್ತು. ಶರತ್ಕಾಲದಲ್ಲಿ ಗಡಿಯಾರ ಹಿಂದಿಟ್ಟ ನಂತರದ ಸೋಮವಾರ ಸ್ವಲ್ಪ ಕಡಿಮೆಯಿತ್ತು. 65 ವರ್ಷ ದಾಟಿದವರಿಗಿಂತ ಅದಕ್ಕಿಂತ ಕಿರಿಯರಲ್ಲಿ ಈ ಏರಿಳಿತ ಎದ್ದುಕಾಣುತ್ತಿತ್ತು. ಬೆಳಗಾದರೆ ಕೆಲಸಕ್ಕೆ ಓಡಬೇಕಾದವರು ಅವರೇ ಎಂಬುದು ಗಮನಾರ್ಹ.

ಅಮೆರಿಕದ ಮಿಷಿಗನ್ ರಾಜ್ಯದ ಆಸ್ಪತ್ರೆಗಳ ದಾಖಲೆಗಳನ್ನು ನೋಡಿದ ಇನ್ನೊಂದು ಅಧ್ಯಯನ 2014ರಲ್ಲಿ ಪ್ರಕಟವಾಯಿತು. ವಸಂತದ ಬದಲಾವಣೆಯ ಮರುದಿನ, ಅಂದರೆ ಸೋಮವಾರ, ಹೃದಯಾಘಾತಗಳು ಶೇ. 24ರಷ್ಟು ಹೆಚ್ಚಿದ್ದವು. ಶರತ್ಕಾಲದ ಬದಲಾವಣೆಯ ನಂತರದ ಮಂಗಳವಾರ ಶೇ. 21ರಷ್ಟು ಇಳಿದಿದ್ದವು. ಪತ್ರಿಕೆಗಳಲ್ಲಿ ದೊಡ್ಡದಾಗಿ ಬಂದದ್ದು ಶೇ. 24ರ ಸುದ್ದಿ. ಆದರೆ ಅದೇ ವರದಿಯ ಇನ್ನೊಂದು ಮಾತನ್ನು ಹಲವರು ಗಮನಿಸಲಿಲ್ಲ. ಇಡೀ ವಾರದ ಲೆಕ್ಕ ಹಾಕಿದಾಗ ಒಟ್ಟು ಸಂಖ್ಯೆಯಲ್ಲಿ ವ್ಯತ್ಯಾಸವಿರಲಿಲ್ಲ. ಮೊದಲೇ ಅಪಾಯದ ಅಂಚಿನಲ್ಲಿದ್ದ ಕೆಲವರಿಗೆ ಗುರುವಾರವೋ ಶುಕ್ರವಾರವೋ ಆಗಬಹುದಾಗಿದ್ದ ಆಘಾತ ಸೋಮವಾರವೇ ಆಯಿತು ಎಂದು ಇದನ್ನು ಅರ್ಥಮಾಡಿಕೊಳ್ಳಬಹುದು.

ಈಚಿನ ಫಲಿತಾಂಶ ಇನ್ನೂ ಎಚ್ಚರಿಕೆಯಿಂದ ಮಾತನಾಡುವಂತೆ ಮಾಡಿದೆ. ಅಮೆರಿಕದ ಸಾವಿರಕ್ಕೂ ಹೆಚ್ಚು ಆಸ್ಪತ್ರೆಗಳ 1.68 ಲಕ್ಷ ರೋಗಿಗಳ 2013ರಿಂದ 2022ರವರೆಗಿನ ದಾಖಲೆಗಳನ್ನು ಆಧರಿಸಿ ಡ್ಯೂಕ್ ವಿಶ್ವವಿದ್ಯಾಲಯದ ಸಂಶೋಧಕರು 2025ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಗಡಿಯಾರ ಬದಲಾದ ವಾರಕ್ಕೂ ಅದರ ಹಿಂದುಮುಂದಿನ ವಾರಗಳಿಗೂ ಹೃದಯಾಘಾತದ ಸಂಖ್ಯೆಯಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಆದ್ದರಿಂದ ಗಡಿಯಾರ ಬದಲಾದರೆ ಹೃದಯಾಘಾತ ಖಂಡಿತ ಎಂಬಂತೆ ಹೆದರಿಸುವುದು ತಪ್ಪು. ಪರಿಣಾಮ ಇದ್ದರೆ ಅದು ಸಣ್ಣದು, ಆರೋಗ್ಯವಂತರಿಗೆ ಬಹುತೇಕ ಗೊತ್ತಾಗದಂಥದು.

ಹೃದಯಕ್ಕೆ ಹೊರೆಯಾಗಲು ಕಾರಣವಂತೂ ಇದೆ. ಬೆಳಗ್ಗೆ ಏಳುವ ಹೊತ್ತಿಗೆ ಯಾರಿಗಾದರೂ ರಕ್ತದೊತ್ತಡ ಏರುತ್ತದೆ, ನಾಡಿ ಬಡಿತ ಚುರುಕಾಗುತ್ತದೆ. ಸೋಮವಾರ ಬೆಳಗ್ಗೆ ಹೃದಯಾಘಾತ ಹೆಚ್ಚು ಎಂಬುದು ಗಡಿಯಾರ ಬದಲಾಗದ ವಾರಗಳಲ್ಲೂ ಕಂಡುಬಂದ ಸಂಗತಿ. ನಿದ್ದೆ ಕಡಿಮೆಯಾದಾಗ ಒತ್ತಡದ ಹಾರ್ಮೋನುಗಳು ಹೆಚ್ಚುತ್ತವೆ. ಎರಡೂ ಒಂದೇ ಬೆಳಗ್ಗೆ ಕೂಡಿಬಂದರೆ ದುರ್ಬಲ ಹೃದಯಕ್ಕೆ ಅದು ಕೊನೆಯ ಹುಲ್ಲುಕಡ್ಡಿಯ ಭಾರವಾಗಬಹುದು.

ಪಾರ್ಶ್ವವಾಯುವಿನ ಕಥೆಯೂ ಹೀಗೆಯೇ. ಫಿನ್ಲೆಂಡಿನ ಒಂದು ದಶಕದ ದಾಖಲೆಗಳನ್ನು ನೋಡಿದ ಸಂಶೋಧಕರು ಬದಲಾವಣೆಯ ನಂತರದ ಮೊದಲ ಎರಡು ದಿನ ರಕ್ತನಾಳ ಕಟ್ಟಿಕೊಂಡು ಆಗುವ ಪಾರ್ಶ್ವವಾಯು ಶೇ. 8ರಷ್ಟು ಹೆಚ್ಚಿದ್ದನ್ನು ಕಂಡರು. 65 ದಾಟಿದವರಲ್ಲಿ ಮತ್ತು ಕ್ಯಾನ್ಸರ್ ರೋಗಿಗಳಲ್ಲಿ ಏರಿಕೆ ಇನ್ನೂ ಹೆಚ್ಚಿತ್ತು. ಎರಡು ದಿನ ಕಳೆದ ಮೇಲೆ ವ್ಯತ್ಯಾಸ ಉಳಿಯಲಿಲ್ಲ.

ರಸ್ತೆ ಮತ್ತು ಗಣಿ

ನಿದ್ದೆಗೆಟ್ಟವನ ಕೈಯಲ್ಲಿ ಸ್ಟೇರಿಂಗ್ ಇದ್ದರೆ ಏನಾದೀತು ಎಂಬುದನ್ನು ಹೇಳಬೇಕಾಗಿಲ್ಲ. ಅಮೆರಿಕದಲ್ಲಿ 1996ರಿಂದ 2017ರವರೆಗೆ ನಡೆದ ಏಳು ಲಕ್ಷಕ್ಕೂ ಹೆಚ್ಚು ಮಾರಣಾಂತಿಕ ಅಪಘಾತಗಳನ್ನು ಕೊಲರಾಡೊ ವಿಶ್ವವಿದ್ಯಾಲಯದ ಸಂಶೋಧಕರು ಪರಿಶೀಲಿಸಿದರು. ವಸಂತದ ಬದಲಾವಣೆಯ ನಂತರದ ವಾರದಲ್ಲಿ ಇಂಥ ಅಪಘಾತಗಳು ಶೇ. 6ರಷ್ಟು ಏರುತ್ತವೆ ಎಂದು 2020ರಲ್ಲಿ ವರದಿಯಾಯಿತು. ವರ್ಷಕ್ಕೆ ಸುಮಾರು 28 ಅಪಘಾತಗಳನ್ನು ತಪ್ಪಿಸಬಹುದಿತ್ತು ಎಂಬುದು ಅವರ ಅಂದಾಜು. ಈ ಅಧ್ಯಯನದ ಗಟ್ಟಿ ಸಾಕ್ಷ್ಯವೆಂದರೆ ದಿನಾಂಕ. ಅಮೆರಿಕದಲ್ಲಿ 2007ಕ್ಕೆ ಮೊದಲು ಗಡಿಯಾರ ಏಪ್ರಿಲ್‌ನಲ್ಲಿ ಬದಲಾಗುತ್ತಿತ್ತು, ಆಮೇಲೆ ಮಾರ್ಚ್‌ಗೆ ಬಂತು. ಅಪಘಾತಗಳ ಏರಿಕೆಯೂ ಏಪ್ರಿಲ್‌ನಿಂದ ಮಾರ್ಚ್‌ಗೆ ಸರಿಯಿತು.

ಗಣಿ ಕಾರ್ಮಿಕರ ಬಗೆಗಿನ ಅಧ್ಯಯನವೂ ಕಣ್ಣು ತೆರೆಸುವಂತಿದೆ. ಕ್ರಿಸ್ಟೋಫರ್ ಬಾರ್ನ್ಸ್ ಮತ್ತು ಡೇವಿಡ್ ವ್ಯಾಗ್ನರ್ ಅವರು ಅಮೆರಿಕದ ಗಣಿಗಳಲ್ಲಿ 1983ರಿಂದ 2006ರವರೆಗೆ ದಾಖಲಾದ ಗಾಯದ ಪ್ರಕರಣಗಳನ್ನು ಲೆಕ್ಕ ಹಾಕಿದರು. ಗಡಿಯಾರ ಮುಂದಿಟ್ಟ ನಂತರದ ಸೋಮವಾರ ಗಾಯಗಳು ಶೇ. 5.7ರಷ್ಟು ಹೆಚ್ಚಿದ್ದವು. ಆ ಗಾಯಗಳಿಂದಾಗಿ ನಷ್ಟವಾದ ಕೆಲಸದ ದಿನಗಳು ಶೇ. 67ಕ್ಕೂ ಹೆಚ್ಚಿದ್ದವು. ಅಂದರೆ ಗಾಯಗಳ ಸಂಖ್ಯೆಗಿಂತ ಅವುಗಳ ತೀವ್ರತೆ ಹೆಚ್ಚಿತ್ತು. ಆ ರಾತ್ರಿ ಜನ ಸರಾಸರಿ 40 ನಿಮಿಷ ಕಡಿಮೆ ನಿದ್ದೆ ಮಾಡಿದ್ದರು. ಶರತ್ಕಾಲದಲ್ಲಿ ಗಂಟೆ ಮರಳಿ ಸಿಕ್ಕಾಗ ಗಾಯಗಳು ಅದೇ ಪ್ರಮಾಣದಲ್ಲಿ ಇಳಿಯಲಿಲ್ಲ.

ಶರತ್ಕಾಲ: ಸಿಕ್ಕ ಗಂಟೆ, ಕಳೆದ ಸಂಜೆ

ಗಂಟೆ ಮರಳಿ ಬಂದಾಗ ನಿದ್ದೆ ಲಾಭವಾಗಬೇಕು. ಹಲವರು ಆ ಗಂಟೆಯನ್ನು ಪೂರ್ತಿ ನಿದ್ದೆಗೆ ಬಳಸುವುದಿಲ್ಲ, ದೇಹ ಹಳೆಯ ಹೊತ್ತಿಗೇ ಎಚ್ಚರಗೊಳ್ಳುತ್ತದೆ. ಹಸುಗೂಸುಗಳಿರುವ ಮನೆಯವರಿಗೆ ಇದು ಚೆನ್ನಾಗಿ ಗೊತ್ತು.

ಮನಸ್ಸಿನ ಮೇಲಿನ ಪರಿಣಾಮ ಈ ಬದಲಾವಣೆಯಲ್ಲೇ ಹೆಚ್ಚು. ನಿನ್ನೆಯವರೆಗೆ ಕೆಲಸ ಬಿಟ್ಟು ಬರುವಾಗ ಬೆಳಕಿತ್ತು, ಇಂದು ಒಮ್ಮೆಗೇ ಕತ್ತಲು. ಮುಂದೆ ಇನ್ನಷ್ಟು ಕತ್ತಲಿನ ತಿಂಗಳುಗಳು. ಡೆನ್ಮಾರ್ಕಿನ ಮಾನಸಿಕ ಆಸ್ಪತ್ರೆಗಳಲ್ಲಿ 1995ರಿಂದ 2012ರವರೆಗೆ ದಾಖಲಾದ 1.85 ಲಕ್ಷಕ್ಕೂ ಹೆಚ್ಚು ಖಿನ್ನತೆಯ ಪ್ರಕರಣಗಳನ್ನು ಪರಿಶೀಲಿಸಿದಾಗ ಶರತ್ಕಾಲದ ಬದಲಾವಣೆಯ ಬೆನ್ನಿಗೇ ಪ್ರಕರಣಗಳು ಶೇ. 11ರಷ್ಟು ಏರಿದ್ದವು. ಈ ಏರಿಕೆ ಕರಗಲು ಸುಮಾರು ಹತ್ತು ವಾರ ಹಿಡಿಯಿತು. ವಸಂತದಲ್ಲಿ ಇಂಥ ಬದಲಾವಣೆ ಕಾಣಲಿಲ್ಲ. ಚಳಿಗಾಲದಲ್ಲಿ ಮನಸ್ಸು ಕುಗ್ಗುವ ಸ್ವಭಾವ ಇರುವವರು ಈ ದಿನಗಳಲ್ಲಿ ವಿಶೇಷ ಎಚ್ಚರ ವಹಿಸಬೇಕು ಎನ್ನುವುದು ಇದೇ ಕಾರಣಕ್ಕೆ.

ಯಾರಿಗೆ ಹೆಚ್ಚು ಕಷ್ಟ?

ಎಲ್ಲರ ದೇಹದ ಗಡಿಯಾರ ಒಂದೇ ಹೊತ್ತು ತೋರಿಸುವುದಿಲ್ಲ. ಕೋಳಿ ಕೂಗುವ ಮೊದಲೇ ಏಳುವವರಿದ್ದಾರೆ, ರಾತ್ರಿ ಹನ್ನೆರಡಾದರೂ ಕಣ್ಣು ಮುಚ್ಚದವರಿದ್ದಾರೆ. ಇದು ಅಭ್ಯಾಸ ಮಾತ್ರವಲ್ಲ, ಹುಟ್ಟುಗುಣವೂ ಹೌದು. ಜರ್ಮನಿಯ ಟಿಲ್ ರೊನೆಬರ್ಗ್ ಮತ್ತು ಸಂಗಡಿಗರು 55 ಸಾವಿರ ಜನರ ನಿದ್ದೆಯ ವಿವರ ಸಂಗ್ರಹಿಸಿ 2007ರಲ್ಲಿ ಒಂದು ಅಂಶವನ್ನು ತೋರಿಸಿದರು. ರಜಾದಿನಗಳಲ್ಲಿ ಜನ ಏಳುವ ಹೊತ್ತು ಸೂರ್ಯೋದಯಕ್ಕೆ ಹೊಂದಿಕೊಂಡು ನಿಧಾನವಾಗಿ ಸರಿಯುತ್ತ ಹೋಗುತ್ತದೆ. ಬೇಸಿಗೆ ಸಮಯ ಬಂದೊಡನೆ ಈ ಹೊಂದಾಣಿಕೆ ತಪ್ಪುತ್ತದೆ. ತಡವಾಗಿ ಮಲಗುವ ಸ್ವಭಾವದವರ ಚಟುವಟಿಕೆಯ ವೇಳೆ ನಾಲ್ಕು ವಾರ ಕಳೆದರೂ ಹೊಸ ಸಮಯಕ್ಕೆ ಹೊಂದಿಕೊಂಡಿರಲಿಲ್ಲ.

ಹದಿಹರೆಯದ ಮಕ್ಕಳ ದೇಹದ ಗಡಿಯಾರ ಆ ವಯಸ್ಸಿನಲ್ಲಿ ಸಹಜವಾಗಿಯೇ ತಡವಾಗುತ್ತದೆ. ಅವರನ್ನು ಇನ್ನೂ ಒಂದು ಗಂಟೆ ಬೇಗ ಎಬ್ಬಿಸಿ ಶಾಲೆಗೆ ಕಳಿಸುವುದೆಂದರೆ ಅರೆನಿದ್ದೆಯಲ್ಲಿ ಪಾಠ ಕೇಳಿಸಿದಂತೆ. ಇವರಲ್ಲದೆ ಹೃದ್ರೋಗಿಗಳು, ಪಾಳಿ ಕೆಲಸದವರು, ನಿದ್ರಾಹೀನತೆ ಇರುವವರು, ವಾಹನ ಓಡಿಸುವವರು ಹೆಚ್ಚು ಬಾಧಿತರು.

ತಿಂಗಳುಗಟ್ಟಲೆ ಉಳಿಯುವ ಅಂತರ

ಇಲ್ಲಿಯವರೆಗೆ ಹೇಳಿದ್ದು ಬದಲಾವಣೆಯ ವಾರದ ವಿಚಾರ. ವಿಜ್ಞಾನಿಗಳ ದೊಡ್ಡ ಚಿಂತೆ ಆಮೇಲಿನ ತಿಂಗಳುಗಳದ್ದು. ಅಮೆರಿಕದಲ್ಲಿ ವರ್ಷದ ಸುಮಾರು ಎಂಟು ತಿಂಗಳು ಬೇಸಿಗೆ ಸಮಯವೇ ಇರುತ್ತದೆ. ಅಷ್ಟೂ ದಿನ ಗಡಿಯಾರ ಸೂರ್ಯನಿಗಿಂತ ಒಂದು ಗಂಟೆ ಮುಂದೆ. ಕಚೇರಿಯ ಹೊತ್ತು ಒಂದು, ದೇಹದ ಹೊತ್ತು ಇನ್ನೊಂದು. ಈ ಎಳೆದಾಟಕ್ಕೆ ರೊನೆಬರ್ಗ್ ಮತ್ತು ಸಂಗಡಿಗರು 'ಸಾಮಾಜಿಕ ಜೆಟ್‌ಲ್ಯಾಗ್' ಎಂದು ಹೆಸರಿಟ್ಟಿದ್ದಾರೆ.

ಈ ಅಂತರ ಏನು ಮಾಡುತ್ತದೆ ಎಂಬುದನ್ನು ತಿಳಿಯಲು ಒಂದು ಸಹಜ ಪ್ರಯೋಗಶಾಲೆಯಿದೆ. ಒಂದೇ ಕಾಲವಲಯದ ಪೂರ್ವದ ಅಂಚಿನಲ್ಲಿ ಸೂರ್ಯ ಬೇಗ ಮುಳುಗುತ್ತಾನೆ, ಪಶ್ಚಿಮದ ಅಂಚಿನಲ್ಲಿ ತಡವಾಗಿ ಮುಳುಗುತ್ತಾನೆ. ಕಚೇರಿ, ಶಾಲೆಗಳ ಹೊತ್ತು ಮಾತ್ರ ಎರಡೂ ಕಡೆ ಒಂದೇ. ಅಮೆರಿಕದಲ್ಲಿ ಕಾಲವಲಯಗಳ ಗಡಿಯ ಎರಡೂ ಬದಿಯ ಜನರನ್ನು ಹೋಲಿಸಿದ ಅರ್ಥಶಾಸ್ತ್ರಜ್ಞರು 2019ರಲ್ಲಿ ಪ್ರಕಟಿಸಿದಂತೆ, ಸಂಜೆಯ ಬೆಳಕು ಒಂದು ಗಂಟೆ ಹೆಚ್ಚು ಇರುವ ಬದಿಯವರು ದಿನಕ್ಕೆ ಸರಾಸರಿ 19 ನಿಮಿಷ ಕಡಿಮೆ ನಿದ್ದೆ ಮಾಡುತ್ತಾರೆ. ಬೊಜ್ಜು, ಮಧುಮೇಹದಂಥ ತೊಂದರೆಗಳೂ ಅವರಲ್ಲಿ ಹೆಚ್ಚು. ದಿನಕ್ಕೆ 19 ನಿಮಿಷ ಸಣ್ಣದು. ವರ್ಷಕ್ಕೆ ಲೆಕ್ಕ ಹಾಕಿದರೆ ನೂರು ಗಂಟೆ ದಾಟುತ್ತದೆ.

ನಮ್ಮ ಊರುಗಳನ್ನೂ ಇದೇ ಕಣ್ಣಿನಿಂದ ನೋಡಬಹುದು. ಭಾರತದ ಸಮಯ ನಿಗದಿಯಾಗಿರುವುದು 82.5 ಡಿಗ್ರಿ ಪೂರ್ವ ರೇಖಾಂಶಕ್ಕೆ. ಕಾಸರಗೋಡು ಇರುವುದು ಸುಮಾರು 75 ಡಿಗ್ರಿಯಲ್ಲಿ. ಒಂದು ಡಿಗ್ರಿಗೆ ನಾಲ್ಕು ನಿಮಿಷದಂತೆ ಅಲ್ಲಿ ಗಡಿಯಾರ ಸೂರ್ಯನಿಗಿಂತ ಸರಾಸರಿ ಅರ್ಧ ಗಂಟೆ ಮುಂದಿದೆ. ಗೋವಾದ ಪಣಜಿಯಲ್ಲಿ ಸುಮಾರು 35 ನಿಮಿಷ, ಸೊಲ್ಲಾಪುರದಲ್ಲಿ 26, ಆದೋನಿ ಮತ್ತು ಮಡಕಶಿರಾದಲ್ಲಿ 21. ಅಂದರೆ ಗಡಿಯಾರ ಮುಟ್ಟದೆಯೇ ಕರಾವಳಿಯ ಕನ್ನಡಿಗರು ವರ್ಷವಿಡೀ ಅರ್ಧ ಗಂಟೆಯ 'ಬೇಸಿಗೆ ಸಮಯ'ದಲ್ಲಿದ್ದಾರೆ. ಭಾರತದ ಅಂಕಿಅಂಶಗಳನ್ನು ಅಧ್ಯಯನ ಮಾಡಿದ ಅರ್ಥಶಾಸ್ತ್ರಜ್ಞ ಮೌಲಿಕ್ ಜಗ್ನಾನಿ ಅವರೂ, ಸೂರ್ಯ ತಡವಾಗಿ ಮುಳುಗುವ ಕಡೆ ಮಕ್ಕಳು ತಡವಾಗಿ ಮಲಗುತ್ತಾರೆ, ಏಳುವುದು ಮಾತ್ರ ಅಷ್ಟೇ ತಡವಾಗುವುದಿಲ್ಲ, ಇದರಿಂದ ನಿದ್ದೆಗೂ ಓದಿಗೂ ನಷ್ಟ ಎಂದು ತೋರಿಸಿದ್ದಾರೆ.

ಯಾವುದನ್ನು ಶಾಶ್ವತ ಮಾಡಬೇಕು?

ವರ್ಷಕ್ಕೆರಡು ಬಾರಿ ಗಡಿಯಾರ ತಿರುಗಿಸುವುದು ಸಾಕು ಎಂಬುದನ್ನು ಬಹಳ ಜನ ಒಪ್ಪುತ್ತಾರೆ. ಯುರೋಪಿಯನ್ ಒಕ್ಕೂಟ 2018ರಲ್ಲಿ ಅಭಿಪ್ರಾಯ ಕೇಳಿದಾಗ 46 ಲಕ್ಷ ಉತ್ತರಗಳು ಬಂದವು. ಶೇ. 84ರಷ್ಟು ಜನ ಪದ್ಧತಿ ನಿಲ್ಲಲಿ ಎಂದಿದ್ದರು. ಯುರೋಪಿಯನ್ ಸಂಸತ್ತು 2019ರ ಮಾರ್ಚ್‌ನಲ್ಲಿ ಇದಕ್ಕೆ ಒಪ್ಪಿಗೆ ಕೊಟ್ಟು 2021ಕ್ಕೆ ಕೊನೆಗೊಳಿಸಲು ಬಯಸಿತು. ಸದಸ್ಯ ದೇಶಗಳ ನಡುವೆ ಒಮ್ಮತ ಬಾರದೆ ಅದು ಜಾರಿಯಾಗಲಿಲ್ಲ. ಅಮೆರಿಕದ ಸೆನೆಟ್ 2022ರ ಮಾರ್ಚ್‌ನಲ್ಲಿ ಬೇಸಿಗೆ ಸಮಯವನ್ನೇ ಶಾಶ್ವತಗೊಳಿಸುವ ಮಸೂದೆಯನ್ನು ಅಂಗೀಕರಿಸಿತು. ಕೆಳಮನೆಯಲ್ಲಿ ಅದು ಮುಂದುವರಿಯಲಿಲ್ಲ.

ಜಗಳ ಇರುವುದು ಯಾವ ಸಮಯ ಉಳಿಯಬೇಕು ಎಂಬಲ್ಲಿ. ವ್ಯಾಪಾರಿಗಳಿಗೆ, ಕ್ರೀಡಾಪ್ರಿಯರಿಗೆ ಸಂಜೆಯ ಬೆಳಕು ಬೇಕು. ನಿದ್ರಾ ವೈದ್ಯರಿಗೆ ಬೆಳಗಿನ ಬೆಳಕು ಬೇಕು. ಅಮೆರಿಕದ ನಿದ್ರಾ ವೈದ್ಯಕೀಯ ಅಕಾಡೆಮಿ 2020ರಲ್ಲಿ ವರ್ಷವಿಡೀ ಸಾಮಾನ್ಯ ಸಮಯ, ಅಂದರೆ ಚಳಿಗಾಲದ ಸಮಯವೇ ಇರಲಿ ಎಂದು ಸ್ಪಷ್ಟವಾಗಿ ಹೇಳಿತು.

ಇತಿಹಾಸವೂ ಇದನ್ನೇ ಹೇಳುವಂತಿದೆ. ಬ್ರಿಟನ್ 1968ರಿಂದ 1971ರವರೆಗೆ ವರ್ಷವಿಡೀ ಬೇಸಿಗೆ ಸಮಯವನ್ನು ಪ್ರಯೋಗಿಸಿ, ಸಂಸತ್ತಿನಲ್ಲಿ ಭಾರೀ ಬಹುಮತದಿಂದ ಕೈಬಿಟ್ಟಿತು. ಅಮೆರಿಕ ತೈಲ ಬಿಕ್ಕಟ್ಟಿನ ಕಾಲದಲ್ಲಿ 1974ರ ಜನವರಿ 6ರಿಂದ ಇದೇ ಪ್ರಯೋಗ ಮಾಡಿತು. ಮಕ್ಕಳು ಕಗ್ಗತ್ತಲಲ್ಲಿ ಶಾಲೆಗೆ ಹೊರಡಬೇಕಾಯಿತು, ಕೆಲವರು ವಾಹನಗಳಿಗೆ ಸಿಕ್ಕಿ ಸತ್ತ ಸುದ್ದಿಗಳು ಬಂದವು, ಜನರ ಬೆಂಬಲ ಕುಸಿಯಿತು. ಎರಡು ವರ್ಷ ನಡೆಯಬೇಕಿದ್ದ ಪ್ರಯೋಗ ಅದೇ ವರ್ಷದ ಅಕ್ಟೋಬರ್‌ನಲ್ಲಿ ಮುಗಿಯಿತು. ರಷ್ಯಾ 2011ರಲ್ಲಿ ಶಾಶ್ವತ ಬೇಸಿಗೆ ಸಮಯಕ್ಕೆ ಹೋಗಿ, ಬೆಳಗಿನ ಕತ್ತಲಿನ ಬಗ್ಗೆ ದೂರುಗಳು ಹೆಚ್ಚಿ, 2014ರಲ್ಲಿ ಶಾಶ್ವತ ಚಳಿಗಾಲದ ಸಮಯಕ್ಕೆ ಬಂದು ನಿಂತಿತು. ಮೆಕ್ಸಿಕೊ 2022ರಲ್ಲಿ ದೇಶದ ಬಹುಭಾಗದಲ್ಲಿ ಬೇಸಿಗೆ ಸಮಯವನ್ನು ರದ್ದು ಮಾಡಿತು.

ಹೊರನಾಡಿನಲ್ಲಿರುವವರು, ಹೋಗುವವರು ಏನು ಮಾಡಬೇಕು?

ಗಡಿಯಾರ ಮುಂದಕ್ಕೆ ಹೋಗುವ ಭಾನುವಾರಕ್ಕೆ ಮೂರು-ನಾಲ್ಕು ದಿನ ಮೊದಲೇ ದಿನಕ್ಕೆ 15-20 ನಿಮಿಷದಂತೆ ಬೇಗ ಮಲಗಿ ಬೇಗ ಏಳುವುದನ್ನು ರೂಢಿಸಿಕೊಳ್ಳಬೇಕು. ವಿಲೆಟ್ ಹೇಳಿದ ಕ್ರಮವೂ ಇದೇ. ಊಟದ ಹೊತ್ತನ್ನೂ ಹಾಗೆಯೇ ಸರಿಸಿದರೆ ಒಳ್ಳೆಯದು. ಮಕ್ಕಳಿಗೆ ಇದು ಇನ್ನೂ ಮುಖ್ಯ.

ಭಾನುವಾರ ಮತ್ತು ನಂತರದ ದಿನಗಳಲ್ಲಿ ಎದ್ದ ಕೂಡಲೇ ಹೊರಗೆ ಹೋಗಿ ಬೆಳಕಿಗೆ ಮೈಯೊಡ್ಡಬೇಕು. ಮೋಡ ಕವಿದಿದ್ದರೂ ಹೊರಗಿನ ಬೆಳಕು ಮನೆಯ ದೀಪಕ್ಕಿಂತ ಎಷ್ಟೋ ಪಾಲು ಹೆಚ್ಚು. ರಾತ್ರಿ ಮಲಗುವ ಮೊದಲು ದೀಪಗಳನ್ನು ಮಂದ ಮಾಡಿ ಮೊಬೈಲ್, ಟಿ.ವಿ. ದೂರ ಇಡಬೇಕು. ಮಧ್ಯಾಹ್ನದ ಮೇಲೆ ಕಾಫಿ, ಚಹಾ ಕಡಿಮೆ ಮಾಡಬೇಕು.

ಸೋಮವಾರ ಬೆಳಗ್ಗೆ ಕಾರು ಓಡಿಸುವಾಗ ಹೆಚ್ಚಿನ ಎಚ್ಚರ ಬೇಕು. ಸಾಧ್ಯವಿದ್ದರೆ ಆ ದಿನ ದೂರ ಪ್ರಯಾಣ, ಏಣಿ ಹತ್ತುವ ಕೆಲಸ, ಯಂತ್ರದ ಕೆಲಸ ಮುಂದೂಡಬಹುದು.

ರಕ್ತದೊತ್ತಡ, ಸಕ್ಕರೆ ಕಾಯಿಲೆಯ ಮಾತ್ರೆ ತೆಗೆದುಕೊಳ್ಳುವ ಹಿರಿಯರು ಯಾವುದೇ ಕಾರಣಕ್ಕೂ ಒಂದು ಹೊತ್ತಿನ ಮಾತ್ರೆ ಬಿಡಬಾರದು, ಗೊಂದಲದಲ್ಲಿ ಎರಡು ಬಾರಿ ನುಂಗಲೂಬಾರದು. ಇನ್ಸುಲಿನ್ ತೆಗೆದುಕೊಳ್ಳುವವರು, ನಿಗದಿತ ಅಂತರದಲ್ಲೇ ಔಷಧ ಬೇಕಾದವರು ವೈದ್ಯರನ್ನು ಮೊದಲೇ ಕೇಳಿಕೊಳ್ಳಬೇಕು. ಎದೆ ಹಿಡಿದಂತಾಗುವುದು, ಎಡಗೈ ಅಥವಾ ದವಡೆಗೆ ನೋವು ಹರಿಯುವುದು, ತಣ್ಣನೆಯ ಬೆವರು, ಉಸಿರು ಕಟ್ಟುವುದು, ಮುಖ ಒಂದು ಕಡೆ ಸೊಟ್ಟಗಾಗುವುದು, ಮಾತು ತೊದಲುವುದು ಇವನ್ನು ಗ್ಯಾಸ್ಟ್ರಿಕ್ ಎಂದೋ ನಿದ್ದೆಗೆಟ್ಟ ಆಯಾಸವೆಂದೋ ತಳ್ಳಿಹಾಕಬಾರದು. ತುರ್ತು ಕರೆಯ ಸಂಖ್ಯೆ ಅಮೆರಿಕದಲ್ಲಿ 911, ಯುರೋಪಿಯನ್ ಒಕ್ಕೂಟದಲ್ಲಿ 112, ಬ್ರಿಟನ್ನಿನಲ್ಲಿ 999.

ಅಮೆರಿಕದ ಪಾಳಿಯಲ್ಲಿ ಇಲ್ಲಿಂದಲೇ ದುಡಿಯುವವರಿಗೆ ಚಳಿಗಾಲದಲ್ಲಿ ನ್ಯೂಯಾರ್ಕ್ ಹತ್ತೂವರೆ ಗಂಟೆ ಹಿಂದೆ, ಬೇಸಿಗೆ ಸಮಯದಲ್ಲಿ ಒಂಬತ್ತೂವರೆ ಗಂಟೆ ಹಿಂದೆ. ಅಂದರೆ ಮಾರ್ಚ್‌ನಲ್ಲಿ ಅವರ ಪಾಳಿ ಒಂದು ಗಂಟೆ ಬೇಗ ಆರಂಭ, ನವೆಂಬರ್‌ನಲ್ಲಿ ಒಂದು ಗಂಟೆ ತಡ. ಮೊದಲೇ ಹಗಲು ನಿದ್ದೆಯಲ್ಲಿ ಬದುಕುವವರಿಗೆ ಇದು ಮೇಲೊಂದು ಪೆಟ್ಟು. ಅವರೂ ನಾಲ್ಕು ದಿನ ಮೊದಲಿನಿಂದ ಹಂತಹಂತವಾಗಿ ನಿದ್ದೆಯ ಹೊತ್ತು ಸರಿಸಿಕೊಳ್ಳುವುದು ಮೇಲು. ಯುರೋಪು, ಅಮೆರಿಕಗಳ ಬದಲಾವಣೆಯ ದಿನಗಳು ಬೇರೆಬೇರೆಯಾದ್ದರಿಂದ ಮಾರ್ಚ್‌ನ ಎರಡು-ಮೂರು ವಾರ ಫೋನ್ ಮಾಡುವ ಹೊತ್ತು ತಪ್ಪುವುದೂ ಉಂಟು. ದುಬೈ, ಅಬುಧಾಬಿ, ಕತಾರ್, ಕುವೈತ್, ಸೌದಿಗಳಲ್ಲಿ ಗಡಿಯಾರ ಬದಲಾಗುವುದಿಲ್ಲ. ಕೊಲ್ಲಿಯಲ್ಲಿರುವವರ ಮನೆಯವರಿಗೆ ಈ ಗೊಂದಲವಿಲ್ಲ.

ಇಷ್ಟೆಲ್ಲ ಅಧ್ಯಯನಗಳಿಂದ ಊರಿನಲ್ಲೇ ಇರುವವರಿಗೂ ಒಂದು ಉಪಯುಕ್ತ ಮಾತು ಸಿಗುತ್ತದೆ. ರಾತ್ರಿ ಒಂದು ಗಂಟೆಯವರೆಗೆ ಮೊಬೈಲ್ ನೋಡಿ, ಬೆಳಗ್ಗೆ ಅಲಾರಂ ಬಡಿತಕ್ಕೆ ಏಳುವವರು ಸರಕಾರದ ಆದೇಶವಿಲ್ಲದೆಯೇ ತಮ್ಮ ದೇಹದ ಗಡಿಯಾರವನ್ನು ದಿನದಿನವೂ ಕೆಡಿಸಿಕೊಳ್ಳುತ್ತಿದ್ದಾರೆ. ದೊಡ್ಡ ದೇಶಗಳ ಸಂಸತ್ತುಗಳು ಇನ್ನೂ ತೀರ್ಮಾನಿಸಲಾಗದೆ ಒದ್ದಾಡುತ್ತಿರುವ ವಿಷಯವನ್ನು ಮನೆಯ ಮಟ್ಟಿಗೆ ತೀರ್ಮಾನಿಸುವುದು ಅಷ್ಟು ಕಷ್ಟವಲ್ಲ. ಹೊತ್ತಿಗೆ ಸರಿಯಾಗಿ ಮಲಗುವುದು, ಬೆಳಕು ಹರಿದಾಗ ಎದ್ದು ಅಂಗಳಕ್ಕೆ ಇಳಿಯುವುದು ಅದರ ಆರಂಭ.